ಒಂದು ಬಾಯಿಯ ಲಾಂಚು

ನೀಲಿ ಬೆಳಕು, ಸದ್ದಿಲ್ಲ, ಸಾಲಿನ ತುದಿಯಲ್ಲಿ ಟ್ರ್ಯಾಕ್ಟರಿನ ಹಿಂದೆ ಒಮ್ಮೆ ಕಂಡಿತು, ಒಮ್ಮೆ ಇಲ್ಲ, ಯಾವುದೋ ಗಾಡಿಯ ಕನ್ನಡಿಗೆ ಬಿಸಿಲು ಬಡಿದಿರಬೇಕು, ಕನ್ನಡಿಯೇ ಇರಲಿ — ಅಲ್ಲ, ತಿರುಗುತ್ತಿದೆ, ಆಂಬ್ಯುಲೆನ್ಸು. ಈ ಲಾಂಚು ಬಂದ ಎಂಟು ತಿಂಗಳಲ್ಲಿ ಹನ್ನೊಂದು ಆಂಬ್ಯುಲೆನ್ಸ್ ಹೊಳೆ ದಾಟಿಸಿದ್ದೇನೆ, ಒಂದಕ್ಕೂ ಸೀಟಿ ತಪ್ಪಿಲ್ಲ, ಇದು ಇವತ್ತೇ ಬರಬೇಕಿತ್ತೇ, ಈ ಟ್ರಿಪ್ಪಿಗೇ, ಟೈಲರಮ್ಮ ಅಗೋ ಲಾಂಚಿನ ಬೆಂಚಿನ ಮೇಲೆ ಮಡಿಲಲ್ಲಿ ಚೀಲ ಇಟ್ಟುಕೊಂಡು ನನ್ನ ಕಡೆಗೇ ನೋಡುತ್ತ ಕೂತಿರುವಾಗ. ಸೀಟಿ ಬಾಯಲ್ಲೇ ಇದೆ, ಊದಲು ಮರೆತಿದ್ದೇನೆ. ನಾಲ್ಕು ಗಾಡಿ ಹತ್ತಿವೆ, ತೀರ ಒಳಗೆ ಸರ್ವೆಯವರ ಜೀಪು, ಮೂತಿ ಕಂಬಿಗೆ ತಾಗಿಸಿ ನಿಲ್ಲಿಸಿದ್ದೇನೆ, ಅದರ ಹಿಂದೆ ಸಿಮೆಂಟಿನ ಲಾರಿ, ಪಕ್ಕಕ್ಕೆ ಎರಡು ಕಾರು, ಎಡಗಡೆ ಇನ್ನೂ ಖಾಲಿ, ಖಾಲಿ ಬಿಟ್ಟರೆ ಲಾಂಚು ವಾಲುತ್ತದೆ, ಟ್ರ್ಯಾಕ್ಟರೂ ಹಾಲಿನ ವ್ಯಾನೂ ಹತ್ತಲೇಬೇಕು. ಆಂಬ್ಯುಲೆನ್ಸು ಸಾಲು ಬಿಟ್ಟು ಪಕ್ಕದಲ್ಲಿ ನುಗ್ಗಿ ನನ್ನ ಮುಂದೆಯೇ ಬಂದು ನಿಂತಿತು. ಅಂಗೈ ಎತ್ತಿದೆ, ನಿಲ್ಲು. ಟ್ರ್ಯಾಕ್ಟರಿಗೆ ಕೈ ಆಡಿಸಿದೆ, ಬರ್ಲಿ ಬರ್ಲಿ ಬರ್ಲಿ. ಸಾಲಿನಿಂದ ಕೂಗು ಶುರು, ಏ ಪೀಪಿ, ಆಂಬ್ಯುಲೆನ್ಸ್ ಕಣೋ ಅದು, ಕಣ್ಣು ಬಾಡಿಗೆಗೆ ಕೊಟ್ಟಿದ್ದೀಯಾ. ಮೊದಲು ಅದನ್ನ ಬಿಡಪ್ಪಾ. ನಿಮ್ಮನೆಯವರು ಒಳಗಿದ್ದಿದ್ರೆ ಹಿಂಗೆ ನಿಲ್ಲಿಸ್ತಿದ್ಯಾ. ಮನುಷ್ಯನೇನೋ ನೀನು. ಬೈಯಲಿ, ಬೈಗುಳ ತಿಂದು ಯಾರೂ ಸತ್ತಿಲ್ಲ. ಸಾಯುವುದು ಬೇರೆಯದರಿಂದ. ವ್ಯಾನು ಹತ್ತಿತು, ಎಡಕ್ಕೆ, ಇನ್ನೊಂಚೂರು, ಹೋಲ್ಡ್. ಈಗ ಬಾ. ಆಂಬ್ಯುಲೆನ್ಸಿನ ಡ್ರೈವರ್ ಮಾತ್ರ ಬೈಯಲಿಲ್ಲ, ತಲೆಯಾಡಿಸಿದ, ಅವನಿಗೆ ಗೊತ್ತಿದೆ, ಈ ಲಾಂಚಿನಲ್ಲಿ ಬಂದವನೇ. ಬೆಂಚಿನ ಕಡೆ ನೋಡಬಾರದು ಎಂದುಕೊಂಡೇ ನೋಡಿದೆ. ಟೈಲರಮ್ಮ ಎದ್ದು ನಿಂತಿದ್ದಾರೆ.

ಚಕ್ರಕ್ಕೆ ಮರದ ತುಂಡು ಕೊಡು, ಹಲಗೆ ಎತ್ತು, ಕಬ್ಬಿಣದ್ದಾದರೂ ನಾವು ಅದನ್ನು ಹಲಗೆ ಎಂದೇ ಅನ್ನುವುದು, ಸರಪಳಿ ಸುತ್ತು, ಲಾಂಚು ನಡೆಸುವ ಮಾಸ್ಟ್ರಿಗೆ ಎರಡು ಸೀಟಿ. ಎಂಜಿನ್ನು ಗುಡುಗಿತು, ದಡ ಹಿಂದೆ ಸರಿಯಿತು, ಹನ್ನೆರಡು ನಿಮಿಷ. ಸಾವಿರಾರು ಸಲ ದಾಟಿದ ಹನ್ನೆರಡು ನಿಮಿಷ, ನೀರು ನೋಡುವುದನ್ನು ಬಿಟ್ಟು ಎಷ್ಟೋ ವರ್ಷವಾಯಿತು, ನಮ್ಮಂಥವರಿಗೆ ಹೊಳೆ ಅಂದರೆ ಎರಡು ಇಳಿಜಾರಿನ ನಡುವೆ ಗಾಡಿ ನಿಲ್ಲುವ ಹೊತ್ತು, ಅಷ್ಟೇ. ಹಳೇ ಲಾಂಚಿಗೆ ಎರಡು ಬಾಯಿ ಇದ್ದವು. ಈ ದಡದಲ್ಲಿ ಒಂದು ಬಾಯಿಂದ ಹತ್ತು, ಆ ದಡದಲ್ಲಿ ಇನ್ನೊಂದರಿಂದ ಇಳಿ, ನೇರ, ರಿವರ್ಸಿಲ್ಲ, ತಿರುಗುವುದಿಲ್ಲ, ಮೊದಲು ಹತ್ತಿದವನು ಮೊದಲು ಇಳಿಯುತ್ತಾನೆ. ಒಂಬತ್ತು ವರ್ಷ ಅದರಲ್ಲಿ ಗಾಡಿ ಹತ್ತಿಸಿದೆ. ಆಂಬ್ಯುಲೆನ್ಸ್ ಬಂತೋ, ಉಳಿದವರನ್ನೆಲ್ಲ ತಡೆದು ಅದಕ್ಕೆ ಮೊದಲು ಕೈ ಬೀಸುವುದು, ಅದರಲ್ಲಿ ಯೋಚನೆ ಮಾಡುವಂಥದ್ದು ಏನೂ ಇರಲಿಲ್ಲ, ಕೈಗೆ ಗೊತ್ತಿತ್ತು. ಆಮೇಲೆ ಹಳೇದರ ತಳ ತೂತಾಗಿ ರಿಪೇರಿಗೆ ಹೋಯಿತು, ಇದನ್ನು ಕಳಿಸಿದರು, ಒಂದು ಬಾಯಿಯದು. ಇದು ನಡುಹೊಳೆಯಲ್ಲಿ ತಿರುಗುತ್ತದೆ, ಹತ್ತಿದ ಬಾಯಿಯನ್ನೇ ಆ ದಡಕ್ಕೆ ಕೊಡುತ್ತದೆ, ಗಾಡಿಗಳು ರಿವರ್ಸಿನಲ್ಲಿ ಒಂದೊಂದಾಗಿ ಇಳಿಯಬೇಕು, ಕೊನೆಗೆ ಹತ್ತಿದ್ದು ಮೊದಲು. ಮಾಸ್ಟ್ರು ಮೊದಲ ದಿನವೇ ಹೇಳಿದ್ದರು, ಪೀಪಿ, ಇದು ಉಲ್ಟಾ ಗಿರಾಕಿ, ತಲೇಲಿಟ್ಕೋ. ಇಟ್ಟುಕೊಂಡಿದ್ದೆ. ತಲೆಯಲ್ಲಿ ಇತ್ತು. ಮೂರನೇ ದಿನ ಬೆಳಿಗ್ಗೆ ಒಂಬತ್ತೂಕಾಲಿಗೆ ಲಾಂಚು ಖಾಲಿ ನಿಂತಿದ್ದಾಗ ಆಂಬ್ಯುಲೆನ್ಸು ಬಂತು, ಹೊಸ ಡ್ರೈವರು, ಒಳಗೆ ಮಲಗಿದ್ದ ಹೆಂಗಸು, ಪಕ್ಕದಲ್ಲಿ ಅವಳ ತಂಗಿ ಇದೇ ಟೈಲರಮ್ಮ, ಪೇಟೆಯಲ್ಲಿ ಹೊಲಿಗೆ ಅಂಗಡಿಯ ಅಕ್ಕತಂಗಿಯರು — ಆಗ ಅದೆಲ್ಲ ಗೊತ್ತಿರಲಿಲ್ಲ, ಗೊತ್ತಿದ್ದದ್ದು ನೀಲಿ ಬೆಳಕೊಂದೇ, ನನ್ನ ಕೈ ತಾನಾಗಿ ಎದ್ದಿತು. ಸಾಲಿನಲ್ಲಿದ್ದವರೆಲ್ಲ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಒಬ್ಬ ಮುದುಕ ನನ್ನ ಬೆನ್ನು ತಟ್ಟಿದ, ಒಳ್ಳೇ ಕೆಲಸ ಮಗಾ. ತೀರ ಒಳಗೆ, ಕಂಬಿಗೆ ಮೂತಿ ತಾಗುವಷ್ಟು, ಬರ್ಲಿ ಬರ್ಲಿ ಬರ್ಲಿ, ಹೋಲ್ಡ್. ಅದರ ಹಿಂದೆ ಏಳು ಗಾಡಿ, ಮೊದಲನೆಯದು ಲಾರಿ, ಗಾಡಿಗೂ ಗಾಡಿಗೂ ನಡುವೆ ಒಂದು ಗೇಣು. ಒಂದು ಗೇಣಿನಲ್ಲಿ ನಿಲ್ಲಿಸುವವನು ಈ ಹೊಳೆಯಲ್ಲಿ ನಾನೊಬ್ಬನೇ ಎಂದು ಹೆಮ್ಮೆ ಬೇರೆ.

ತಿರುಗುವಾಗ ಗೊತ್ತಾಯಿತು. ಈಗಲೂ ತಿರುಗುತ್ತಿದೆ, ಬಿಸಿಲು ಎಡಗೆನ್ನೆಯಿಂದ ಮೂಗಿಗೆ, ಮೂಗಿನಿಂದ ಬಲಗೆನ್ನೆಗೆ, ಅವತ್ತೂ ಹೀಗೇ ಬಿಸಿಲು ಮುಖದ ಮೇಲೆ ಹಾದುಹೋಯಿತು, ಅದು ಬಲಗಿವಿ ಮುಟ್ಟುವಷ್ಟರಲ್ಲಿ ಹಿಂದಿನ ಏಳೂ ಗಾಡಿ ಎಣಿಸಿ ಮುಗಿಸಿದ್ದೆ. ಆಂಬ್ಯುಲೆನ್ಸಿನ ಹಿಂಬಾಗಿಲಿಗೂ ಲಾರಿಯ ಬಂಪರಿಗೂ ನಡುವಿನ ಆ ಗೇಣಿನಲ್ಲಿ ಪಕ್ಕೆ ಒತ್ತಿಕೊಂಡು ನಿಂತಿದ್ದೆ, ಮರದ ತುಂಡು ಸರಿಯಾಗಿದೆಯೇ ನೋಡಲು ಹೋದವನು. ಬಾಗಿಲಿನ ಗಾಜಿಗೆ ಒಳಗಿನಿಂದ ಆವಿ ಹಿಡಿದಿತ್ತು. ಆವಿಯ ಮೇಲೆ ಒಂದು ಅಂಗೈ ಬಂತು, ದುಂಡಗೆ ಒರೆಸಿತು, ಅಂಗೈಯಗಲದ ಒಂದು ದುಂಡು, ಅದರೊಳಗೆ ಕನ್ನಡಕ ಹಾಕಿದ ಒಂದು ಕಣ್ಣು. ನನ್ನನ್ನು ನೋಡಿತು. ತಲೆ ಬಾಗಿತು, ಮೊದಲು ಬಿಟ್ಟೆಯಲ್ಲ, ಉಪಕಾರವಾಯಿತು ಎನ್ನುವ ಹಾಗೆ. ನಾನೂ ತಲೆಯಾಡಿಸಿದೆ. ಅದನ್ನು ಯಾಕೆ ಮಾಡಿದೆನೋ. ಇನ್ನೂ ಏಳು ನಿಮಿಷ ಹೊಳೆ ಬಾಕಿ ಇತ್ತು. ಅಷ್ಟರಲ್ಲಿ ಕೂಗಬಹುದಿತ್ತು, ರೀ ಎಲ್ಲ ಬನ್ನಿ, ನಾನು ತಪ್ಪು ಮಾಡಿದ್ದೀನಿ, ಸ್ಟ್ರೆಚರ್ ಎತ್ತಿ, ಬಾನೆಟ್ಟುಗಳ ಮೇಲಿಂದ ಕೈಯಿಂದ ಕೈಗೆ ದಾಟಿಸೋಣ. ಇಪ್ಪತ್ತು ಗಂಡಸರಿದ್ದರು ಲಾಂಚಿನಲ್ಲಿ, ಕಡಲೆ ತಿನ್ನುತ್ತ. ದಡದಲ್ಲಿ ಆಸ್ಪತ್ರೆಯ ಇನ್ನೊಂದು ಗಾಡಿ ಕರೆಸಬಹುದಿತ್ತು, ಜೇಬಿನಲ್ಲಿ ಫೋನಿತ್ತು. ಕೂಗಲಿಲ್ಲ. ಕೂಗಿದ್ದರೆ ತಪ್ಪು ಮಾಡಿದ್ದೀನಿ ಎನ್ನುವ ಮಾತು ಮೊದಲು ಬರಬೇಕಿತ್ತು, ಬಾಯಲ್ಲಿ ಸೀಟಿ ಇತ್ತು, ತೆಗೆಯಲಿಲ್ಲ. ಕೈ ಮಾಡಿದ್ದು ತಪ್ಪು, ಅದನ್ನು ಯಾರು ಬೇಕಾದರೂ ಕ್ಷಮಿಸಬಹುದು, ನಾನೇ ಎಷ್ಟೋ ಸಲ ಕ್ಷಮಿಸಿದ್ದೇನೆ — ಏಳು ನಿಮಿಷದ್ದನ್ನು ಮಾತ್ರ ಆಗಿಲ್ಲ. ಆಮೇಲೆ ಹಲಗೆ ಬಿತ್ತು, ಒಂದೊಂದೇ ಗಾಡಿ ರಿವರ್ಸಿನಲ್ಲಿ ಇಳಿಯಿತು, ಕೊನೆಯಲ್ಲಿ ಲಾರಿ, ಅದು ಸ್ಟಾರ್ಟಾಗಲಿಲ್ಲ, ಕೆಮ್ಮಿತು, ನಿಂತಿತು, ಕೆಮ್ಮಿತು. ಲಾರಿಯವನಿಗೆ ಹೊಟ್ಟೆ ನೋಡಿ ಗುಡಾಣ ಎಂದು ಹೆಸರು, ಆ ಹೊಟ್ಟೆ ಹೊತ್ತು ಇಳಿದು ಬಾನೆಟ್ ಎತ್ತಿ ಬೆವರಿ ನೀರಾದ, ನಾಲ್ಕು ನಿಮಿಷ. ಒಟ್ಟು ಹದಿನಾಲ್ಕು. ಅಷ್ಟು ಹೊತ್ತೂ ಗಾಜಿನ ದುಂಡು ಹಾಗೇ ಇತ್ತು, ಆವಿ ಮತ್ತೆ ಹಿಡಿಯುತ್ತಿತ್ತು, ಅಂಗೈ ಮತ್ತೆ ಒರೆಸುತ್ತಿತ್ತು, ಕಣ್ಣು ಮತ್ತೆ ಬರುತ್ತಿತ್ತು. ಹತ್ತು ನಿಮಿಷ ಮುಂಚೆ ತಂದಿದ್ರೆ ಉಳಿಸ್ಕೋಬಹುದಿತ್ತು ಎಂದರಂತೆ ಡಾಕ್ಟರು. ಗುಡಾಣನ ನಾಲ್ಕು ನಿಮಿಷ ಕಳೆದರೂ ಹತ್ತು ಉಳಿಯುತ್ತದೆ. ಆ ಹತ್ತು ನನ್ನದು.

ಅಂಗಿಯ ಕಾಲರು ಕುತ್ತಿಗೆಗೆ ಒತ್ತುತ್ತಿದೆ. ಒತ್ತುವುದಿಲ್ಲ, ಸರಿಯಾಗಿಯೇ ಇದೆ, ಇಷ್ಟು ಸರಿಯಾದ ಅಂಗಿ ಜನ್ಮದಲ್ಲಿ ಹಾಕಿಲ್ಲ, ಅದೇ ತೊಂದರೆ. ಅಕ್ಕ ಸತ್ತ ಎರಡನೇ ತಿಂಗಳಿಗೆ ಟೈಲರಮ್ಮ ಬಂದು ಪೊಟ್ಟಣ ಕೊಟ್ಟರು, ಎರಡು ಖಾಕಿ ಅಂಗಿ. ತಗೋ ತಮ್ಮಾ, ಬೇಡ ಅನ್ಬೇಡ, ಅವತ್ತು ಎಲ್ಲರನ್ನೂ ನಿಲ್ಲಿಸಿ ನಮ್ಮನ್ನ ಮೊದಲು ಬಿಟ್ಯಲ್ಲ, ಇಷ್ಟು ಮಾಡದಿದ್ರೆ ನಮ್ಮಕ್ಕ ಕನಸಲ್ಲಿ ಬಂದು ಬೈತಾಳೆ. ಅಳತೆ ತಗೊಳ್ಳಲೇ ಇಲ್ವಲ್ಲಮ್ಮಾ ಎಂದೆ. ಅಷ್ಟು ಹೊತ್ತು ಗಾಜಿನಿಂದ ನಿನ್ನನ್ನೇ ನೋಡ್ತಾ ಕೂತಿದ್ನಲ್ಲಪ್ಪ, ಭುಜ ಹದಿನೆಂಟು, ಕುತ್ತಿಗೆ ಹದಿನೈದೂವರೆ, ಇನ್ನೇನು ಬೇಕು. ಪೆಟ್ಟಿಗೆಯ ತಳಕ್ಕೆ ಹಾಕಿಟ್ಟಿದ್ದೆ. ಇಂಥಾ ಬಟ್ಟೇನ ಒಳಗಿಟ್ಟು ಮರಿ ಹಾಕಿಸ್ತೀರಾ ಎಂದು ನನ್ನ ಹೆಂಡತಿ ಇಸ್ತ್ರಿ ಮಾಡಿ ಕುರ್ಚಿಯ ಮೇಲೆ ಹರವಿದಳು, ಬೆಳಿಗ್ಗೆ ಕತ್ತಲಲ್ಲಿ ನೋಡಿದರೆ ಕುರ್ಚಿಯಲ್ಲಿ ನಾನೇ ಕೂತಿದ್ದೆ, ತಲೆಯಿಲ್ಲದೆ. ಇವತ್ತು ಹಾಕಿಕೊಂಡು ಬಂದಿದ್ದೇನೆ, ಇವತ್ತು ಕಚೇರಿಯಲ್ಲಿ ವಿಚಾರಣೆ, ಆ ದಡದಲ್ಲಿ, ಹತ್ತೂವರೆಗೆ. ಟೈಲರಮ್ಮ ಗುಡಾಣನ ಮೇಲೆ ದೂರು ಕೊಟ್ಟಿದ್ದಾರೆ, ಕೆಟ್ಟ ಲಾರಿ ತಂದು ದಾರಿಗೆ ಅಡ್ಡ ನಿಲ್ಲಿಸಿ ಜೀವ ತೆಗೆದ ಎಂದು, ಲೈಸೆನ್ಸು ಹೋಗುವ ಹಾಗಿದೆ, ಎರಡು ತಿಂಗಳಿಂದ ಲಾರಿ ಅವನ ಮನೆ ಮುಂದೆ ನಿಂತಿದೆ, ಟೈರಿನ ನೆರಳಿನಲ್ಲಿ ನಾಯಿ ಮಲಗುತ್ತದಂತೆ. ಸಾಕ್ಷಿ ನಾನು. ಲಾರಿ ನಿಂತದ್ದು ಸುಳ್ಳೇನೋ ಎಂದರು ಮಾಸ್ಟ್ರು, ಅಷ್ಟು ಹೇಳು, ಕೇಳದೇ ಇದ್ದದ್ದನ್ನ ಯಾಕೆ ವಾಂತಿ ಮಾಡ್ಕೋತೀಯಾ, ನಿನ್ನ ಕೆಲಸ ಹೋದ್ರೆ ನಿನ್ನ ಮಕ್ಕಳಿಗೆ ಈ ಹೊಳೆ ನೀರು ಕುಡಿಸ್ತೀಯಾ. ಗುಡಾಣ ಏನೂ ಕೇಳಲಿಲ್ಲ, ಚಹಾದಂಗಡಿಯಲ್ಲಿ ನನ್ನ ಲೋಟವನ್ನು ನನ್ನ ಕಡೆ ತಳ್ಳಿ, ಪೀಪಿ, ನನ್ನ ಪರ ಒಂದು ಮಾತೂ ಆಡ್ಬೇಡ ಮಾರಾಯ, ಕಂಡಿದ್ದಷ್ಟು ಹೇಳು ಸಾಕು, ಎಂದ. ಅವನಿಗೆ ಗೊತ್ತು. ಲಾಂಚಿನಲ್ಲಿ ದಿನಾ ದಾಟುವ ಡ್ರೈವರುಗಳಿಗೆಲ್ಲ ಗೊತ್ತು. ಗೊತ್ತಿಲ್ಲದವರು ಟೈಲರಮ್ಮ ಒಬ್ಬರೇ, ವಾರಕ್ಕೊಮ್ಮೆ ನಡೆದು ಬಂದು ಬೆಂಚಿನಲ್ಲಿ ಕೂತು ಗಾಡಿಗಳಿಗಿಂತ ಮೊದಲೇ ನಡೆದು ಇಳಿದುಹೋಗುವವರು.

ಬೆಂಚಿನಲ್ಲಿಲ್ಲ. ಎಲ್ಲಿ, ಇಲ್ಲೇ, ನನ್ನ ಪಕ್ಕ, ಚೀಲ ಎದೆಗೊತ್ತಿಕೊಂಡು, ಆಂಬ್ಯುಲೆನ್ಸಿನ ಹಿಂಬಾಗಿಲ ಹತ್ತಿರ. ಗಾಜಿಗೆ ಆವಿಯಿಲ್ಲ, ಒಳಗೆ ಒಬ್ಬ ಮುದುಕ, ಮೂಗಿನ ಮೇಲೆ ಪ್ಲಾಸ್ಟಿಕ್ಕು, ಎದೆ ಏಳುತ್ತಿದೆ, ಇಳಿಯುತ್ತಿದೆ, ಏಳುತ್ತಿದೆ. ಯಾಕೆ ತಮ್ಮಾ, ಇವರನ್ನ ಕೊನೆಗೆ ಬಿಟ್ಟೆ. ಬೈಯುವ ದನಿಯಲ್ಲ. ಜಾಗ ಇರಲಿಲ್ಲಮ್ಮಾ. ಇತ್ತಲ್ಲ, ನಾನು ನೋಡ್ದೆ. ಲಾಂಚು ವಾಲುತ್ತಮ್ಮಾ. ಹೌದಾ. ಕೈ ನೀಡಿ ನನ್ನ ಭುಜದ ಹೊಲಿಗೆಯ ಮೇಲೆ ಒಂದು ಎಳೆ ಕಿತ್ತರು. ತೊಳೆದ ಮೇಲೆ ಕುಗ್ಗಿಲ್ಲ ಅಲ್ವಾ, ಒಳ್ಳೇ ಬಟ್ಟೆ. ದಡ ಹತ್ತಿರ ಬಂತು, ಇಳಿಜಾರು, ಕಚೇರಿಯ ಹಳದಿ ಗೋಡೆ, ಗೋಡೆಯ ಪಕ್ಕ ನೆರಳಿನಲ್ಲಿ ಕುಕ್ಕರುಗಾಲಲ್ಲಿ ಕೂತ ಗುಡಾಣ, ಇಲ್ಲಿಂದಲೇ ಹೊಟ್ಟೆ ಕಾಣುತ್ತದೆ. ಈಗಲೂ ಒಂದು ದಾರಿ ಇದೆ, ಟೈಲರಮ್ಮನನ್ನು ಮಾತಿಗೆಳೆದು ಆ ಕಡೆ ಕರೆದೊಯ್ಯಬಹುದು, ಅಮ್ಮಾ ಇಲ್ಲಿ ಹಲಗೆ ಬೀಳುತ್ತೆ, ಆ ಕಡೆ ತಿರುಗಿ ನಿಂತ್ಕೊಳ್ಳಿ, ಎರಡೇ ಮಾತು. ಹೇಳಲಿಲ್ಲ. ಹೇಳಬಾರದೆಂದು ನಿರ್ಧರಿಸಿದೆನೋ, ಅವತ್ತಿನ ಹಾಗೆ ಬಾಯೇ ಬರಲಿಲ್ಲವೋ, ನನಗೆ ಗೊತ್ತಿಲ್ಲ. ಸರಪಳಿ ಬಿಟ್ಟೆ, ಹಲಗೆ ಬಿತ್ತು, ಮರದ ತುಂಡು ಎಳೆದೆ, ಒಂದು ಸೀಟಿ, ಆಂಬ್ಯುಲೆನ್ಸು ಹಿಂದಕ್ಕೆ ಸರಿಯಿತು, ಹಲಗೆ ಧಡಕ್ ಎಂದಿತು, ಮಣ್ಣು ಮುಟ್ಟಿತು, ತಿರುಗಿತು, ಸದ್ದು ಶುರುವಾಯಿತು, ಏರಿತು, ಹೋಯಿತು. ಅರ್ಧ ನಿಮಿಷ. ಟೈಲರಮ್ಮ ಅದು ಹೋದ ದಾರಿಯನ್ನು ನೋಡಿದರು. ಆಮೇಲೆ ಅದು ನಿಂತಿದ್ದ ಖಾಲಿ ಜಾಗ ನೋಡಿದರು. ಹಾಲಿನ ವ್ಯಾನು ರಿವರ್ಸ್ ತಗೊಂಡಿತು, ಅದನ್ನು ನೋಡಿದರು, ಟ್ರ್ಯಾಕ್ಟರು ಉಸಿರೆಳೆಯಿತು, ಅದನ್ನು ನೋಡಿದರು, ಬಟ್ಟೆ ಮಡಿಸುವಾಗ ಮಡಿಕೆ ಎಣಿಸುವ ಹಾಗೆ ತುಟಿ ಆಡುತ್ತಿತ್ತು, ಕಾರು, ಕಾರು, ಸಿಮೆಂಟಿನ ಲಾರಿ, ಅದರಾಚೆ ತೀರ ಒಳಗೆ ಕಂಬಿಗೆ ಮೂತಿ ತಾಗಿಸಿಕೊಂಡ ಜೀಪು, ಅದರ ಡ್ರೈವರು ಎಂಜಿನ್ ಆರಿಸಿ, ಸ್ಟಿಯರಿಂಗಿನ ಮೇಲೆ ಪೇಪರ್ ಹರವಿಕೊಂಡು ಓದುತ್ತಿದ್ದಾನೆ, ತನ್ನ ಸರದಿ ಕೊನೆಗೇ ಎಂದು ಅವನಿಗೆ ಗೊತ್ತು. ಆ ಜೀಪು ಮೊದಲು ಹತ್ತಿತ್ತಲ್ವಾ, ತಮ್ಮಾ. ಸೀಟಿ ಬಾಯಿಂದ ತೆಗೆದೆ. ಹೌದಮ್ಮಾ. ಹೊಳೆಯ ತೇವ ಕೂತಿತ್ತೋ ಏನೋ, ಕನ್ನಡಕ ತೆಗೆದರು, ಗಾಜಿಗೆ ಉಸಿರು ಊದಿದರು, ಹೆಬ್ಬೆರಳಿನಿಂದ ದುಂಡಗೆ ಒರೆಸಿದರು, ಹಾಕಿಕೊಂಡರು, ನನ್ನ ಕಡೆ ತಿರುಗಿದರು, ಭುಜ ಹದಿನೆಂಟು, ಕುತ್ತಿಗೆ ಹದಿನೈದೂವರೆ, ಒರೆಸಿದ ಒಂದು ದುಂಡು ಗಾಜು, ಅದರ ಹಿಂದೆ ಒಂದು ಕಣ್ಣು, ಈ ಸಲ ತಲೆ ಬಾಗಲಿಲ್ಲ, ಒಂದು ದುಂಡು ಗಾಜು, ಅದರ ಹಿಂದೆ