ಊಟಕ್ಕೆ ಕಾದವಳು

ಚಿಕ್ಕಬೈರಪ್ಪ ನಡೆದು ಬರಲಿಲ್ಲ. ಕೂತಲ್ಲಿಂದಲೇ ಎರಡು ಅಂಗೈ ಊರಿಕೊಂಡು, ಜೈಲಿನ ಕಲ್ಲುಹಾಸಿನ ಮೇಲೆ ತೆವಳುತ್ತ ಬಂದ. ಬೆಂಚಿನ ಮೇಲಿದ್ದ ಸರ್ವಮಂಗಳಾ ತಟ್ಟನೆ ಎದ್ದು ನಿಂತಳು. ಕೈದಿಗಳ ಪರ ವಾದಿಸುವ ವಕೀಲೆ ಅವಳು. ಪೆಟ್ಟು ತಿಂದವರನ್ನು ನೋಡದೆ ಇರಲಿಲ್ಲ. ಆದರೆ ಇಂಥ ಪಾದಗಳನ್ನು ಕಂಡಿರಲಿಲ್ಲ. ಅಂಗಾಲುಗಳು ಕಪ್ಪಗೆ ಊದಿ ಒಡೆದಿದ್ದವು.

ಇಟ್ಟಮಡುವಿನ ಈ ರೈತ ಮಾಡಿದ್ದಿಷ್ಟೇ: ಹೊಸ ಬಡಾವಣೆಗೆಂದು ಸರ್ಕಾರದವರು ತನ್ನ ರಾಗಿ ಹೊಲದಲ್ಲಿ ನೆಟ್ಟ ಅಳತೆಗಲ್ಲುಗಳನ್ನು ಕಿತ್ತು ಬದುವಿನಾಚೆ ಎಸೆದಿದ್ದ.

"ಯಾರು ಹೊಡೆದದ್ದು?"

"ಬ್ಯಾಡ ಬುಡ್ರವ್ವ."

"ಹೆಸರು ಗೊತ್ತಿಲ್ದೆ ನಾಳೆ ಕೋರ್ಟಲ್ಲಿ ಏನಂತ ಹೇಳ್ಲಿ, ಬೈರಪ್ಪ?"

ಅವನು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಹೊಸ್ದಾಗಿ ಬಂದವ್ರಲ್ಲ ಸಬಿನ್ಸ್‌ಪೆಟ್ರು, ಸೀನಿವಾಸಯ್ನೋರು. ಸುಕ್ರವಾರ ಮದ್ಯಾನ, ಟೇಸನ್ನಾಗೆ. ಹೊಡ್ದೂ ಹೊಡ್ದೂ ಸುಸ್ತಾಗಿ ಕೈ ತೊಳ್ಕೊಂಡ್ರು. 'ಜಯನಗರದಲ್ಲಿ ನಮ್ಮಕ್ಕ ಊಟಕ್ಕೆ ಕಾಯ್ತಾ ಕುಂತಿರ್ತಾಳೆ, ಮಿಕ್ಕಿದ್ದು ಬಂದ್ಮೇಲೆ' ಅಂದ್ಬುಟ್ಟು ಹೋದ್ರು."

ಸರ್ವಮಂಗಳಾ ಬೆಂಚಿನ ಅಂಚು ಹಿಡಿದು ಕೂತಳು. ತಾಯಿ ಹೋದಾಗ ಸೀನು ಇನ್ನೂ ತೊದಲು ಮಾತಿನ ಕೂಸು. ತಲೆಗೆ ಎಣ್ಣೆಯೊತ್ತಿ, ಬಳಪ ಹಿಡಿಸಿ ಅವಳೇ ಬೆಳೆಸಿದ ತಮ್ಮ. ಈಗಲೂ ಮಧ್ಯಾಹ್ನದ ಊಟಕ್ಕೆ ಜಯನಗರದ ಅಕ್ಕನ ಮನೆಗೇ ಬರುತ್ತಿದ್ದ. ಶುಕ್ರವಾರ ಹುರುಳಿಕಾಯಿ ಹುಳಿ ಮಾಡಿದ್ದಳು. ಇನ್ನೊಮ್ಮೆ ಬಡಿಸಿಕೊಂಡು ಉಂಡು, "ಕೆಲಸ ಅರ್ಧಕ್ಕೆ ಬಿಟ್ಟು ಬಂದಿದೀನಿ ಅಕ್ಕಾ" ಎಂದು ಎದ್ದಿದ್ದ. ಅವಳೇ ವೀಳ್ಯ ಮಡಿಸಿ ಕೊಟ್ಟು ಕಳಿಸಿದ್ದಳು.

"ಯಾಕವ್ವ, ನೀರು ಬೇಕಾ?" ಎಂದ ಚಿಕ್ಕಬೈರಪ್ಪ.

ಜಟಕಾ ಹತ್ತಿ ಮನೆ ಸೇರಿದವಳಿಗೆ ದಾರಿ ಸಾಗಿದ್ದೇ ತಿಳಿಯಲಿಲ್ಲ. ಸಂಜೆ ಸೀನು ಬಂದಾಗ ಹೊಸ್ತಿಲಲ್ಲೇ ಕೇಳಿದಳು. ಸುಳ್ಳಾದರೂ ಹೇಳಲಿ ಎಂದು ಒಳಗೊಳಗೆ ಬೇಡಿಕೊಳ್ಳುತ್ತಿದ್ದಳು.

"ಹೂಂ, ನಾನೇ. ಅದಕ್ಕೇನೀಗ?" ಅವನು ಬೂಟಿನ ದಾರ ಬಿಚ್ಚುತ್ತಲೇ ಹೇಳಿದ. "ಹೊಡೀದೆ ಯಾರಕ್ಕಾ ದಾರಿಗೆ ಬರ್ತಾರೆ? ಎಲ್ರೂ ಮಾಡೋದೇ. ಕಾಫಿ ಇದ್ಯಾ?"

"ನಾಳೆ ಕೋರ್ಟಲ್ಲಿ ನಿನ್ನ ಹೆಸರು ಹೇಳ್ತೀನಿ, ಸೀನು."

ಅವನು ನಕ್ಕ. ಅವಳು ನಗಲಿಲ್ಲ. ಅವನು ದಾರ ಮತ್ತೆ ಕಟ್ಟಿಕೊಂಡು ಹೊರಟುಹೋದ.

ಮರುದಿನ ಮ್ಯಾಜಿಸ್ಟ್ರೇಟರ ಮುಂದೆ ಹೇಳಿದಳು. ಹೆಸರನ್ನು ಮಾತ್ರ ತನಗಷ್ಟೇ ಕೇಳುವಂತೆ ಮೆಲ್ಲಗೆ ಅಂದಳು. "ಕೇಳಿಸ್ತಿಲ್ಲ, ಇನ್ನೊಮ್ಮೆ ಹೇಳಿ" ಎಂದರು ಅವರು. ಇನ್ನೊಮ್ಮೆ, ಇಡೀ ಕೋರ್ಟಿಗೆ ಕೇಳುವಂತೆ ಹೇಳಿದಳು. ಚಿಕ್ಕಬೈರಪ್ಪನನ್ನು ಆಸ್ಪತ್ರೆಗೆ ಸೇರಿಸಲು, ಸಬ್‌ಇನ್ಸ್‌ಪೆಕ್ಟರ್ ಮೇಲೆ ವಿಚಾರಣೆ ನಡೆಸಲು ಆಜ್ಞೆಯಾಯಿತು.

ಹೊರಗೆ ಮೆಟ್ಟಿಲಿಳಿಯುವಾಗ ಬೆನ್ನ ಹಿಂದೆ ಪರಿಚಯದ ಹೆಜ್ಜೆ ಸಪ್ಪಳ. ಅವಳು ನಿಂತಳು. ಬೈಯಲಿ, ಅಳಲಿ, ಏನಾದರೂ ಅನ್ನಲಿ.

"ಸ್ವಲ್ಪ ದಾರಿ ಬಿಡಿ, ಮೇಡಂ" ಎಂದ ಸೀನು.

ಅವಳು ಸರಿದು ನಿಂತಳು. ಅವನು ಇಳಿದು ಹೋದ. ಅವಳ ಕರಿಗೌನು ಒಂದು ಭುಜದಿಂದ ಜಾರಿ ಮೆಟ್ಟಿಲ ಧೂಳಿಗೆ ತಾಗುತ್ತಿತ್ತು. ಅದನ್ನು ಮೇಲೆಳೆದುಕೊಳ್ಳದೆ ಅವಳು ಬಿಸಿಲಲ್ಲಿ ನಿಂತೇ ಇದ್ದಳು.