ನಿಮಗೆ ಬಿಟ್ಟದ್ದು

ಆ ಬಟ್ಟೆ ಬಿಳಿಯದು, ಒದ್ದೆಯಾಗಿದೆ, ನಾಲ್ಕು ಮಡಿಕೆ ಮಡಚಿಟ್ಟಿದ್ದಾರೆ, ಪ್ರತಿ ಸಲ ಮೀನು ಕೊಯ್ದ ಮೇಲೆ ಅಡುಗೆಯವರು ಚಾಕುವನ್ನು ಅದರ ಮೇಲೆ ಎಳೆಯುತ್ತಾರೆ, ಒಮ್ಮೆ ಈ ಮಗ್ಗುಲು ಒಮ್ಮೆ ಆ ಮಗ್ಗುಲು, ಆದರೂ ಒಂದು ಕಲೆಯಿಲ್ಲ, ಮೀನಿಗೆ ರಕ್ತವೇ ಇಲ್ಲವೇನೋ ಎಂಬ ಹಾಗೆ, ಇಲ್ಲದೆ ಏನು, ನಾವು ಬರುವ ಮುಂಚೆಯೇ ಹಿಂದಿನ ಕೋಣೆಯಲ್ಲಿ ತೊಳೆದು ಮುಗಿಸಿರುತ್ತಾರೆ, ನಮ್ಮ ಎದುರಿಗೆ ಬರುವುದು ಬರೀ ಅಂದವಾದ ಭಾಗ — ಅಕ್ಕಾ, ಎಲ್ಲಿದ್ದೀಯಾ, ಎನ್ನುತ್ತಾಳೆ ತಂಗಿ ಮೊಣಕೈಯಿಂದ ತಿವಿದು, ಇಲ್ಲೇ ಇದ್ದೀನಿ ಕಣೇ, ಅಂದೆ, ಇಲ್ಲೇ ಎಂದರೆ ಎಲ್ಲಿ, ಇಸ್ತ್ರಿ ಅಂಗಡಿಗೂ ಬೀಗದ ಕೈ ಮಾಡುವವನ ಗೂಡಿಗೂ ನಡುವೆ ತೂರಿಕೊಂಡಿರುವ ಈ ಉದ್ದನೆಯ ಕಿರಿದಾದ ಹೋಟೆಲಿನಲ್ಲಿ, ಒಂದೇ ಮರದ ಹಲಗೆಯ ಮುಂದೆ ಸಾಲಾಗಿ ಹಾಕಿದ ಎತ್ತರದ ಕುರ್ಚಿಗಳಲ್ಲೊಂದರ ಮೇಲೆ, ಮಟಮಟ ಮಧ್ಯಾಹ್ನ, ಆಚೆ ತುದಿಯಲ್ಲಿ ಒಂದು ಜೋಡಿ ಪಿಸುಗುಟ್ಟುತ್ತ ಪ್ರತಿ ತುತ್ತಿನ ಫೋಟೋ ತೆಗೆಯುತ್ತಿದೆ, ಈಚೆ ತುದಿಯಲ್ಲಿ ನಾವಿಬ್ಬರು, ನಡುವೆ ಜಪಾನೀ ಅಡುಗೆಯವರು, ತಲೆಗೆ ಬಿಳಿ ಟೋಪಿ, ಮುಖದಲ್ಲಿ ನಗುವೂ ಇಲ್ಲ ಸಿಡುಕೂ ಇಲ್ಲ. ಮೆನು ಎಲ್ಲಿ ಎಂದು ನಾನು ಕೇಳಿದ್ದಕ್ಕೆ ತಂಗಿ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಳು, ಮೆನು ಇಲ್ಲ ಅಕ್ಕ, ಇದಕ್ಕೆ ಒಮಾಕಾಸೆ ಅಂತಾರೆ, ಹಾಗಂದ್ರೆ ನಿಮಗೆ ಬಿಟ್ಟದ್ದು ಅಂತ, ಅವರಿಗೆ ಏನು ಸರಿ ಅನ್ಸುತ್ತೋ ಅದನ್ನ ಒಂದೊಂದಾಗಿ ಕೊಡ್ತಾರೆ, ನಾವು ತಿನ್ನೋದು, ಅಷ್ಟೆ. ಅಂದ್ರೆ ನಮ್ಮಮ್ಮನ ಅಡುಗೆಮನೆ ಅನ್ನು, ಹಾಕಿದ್ದು ತಿಂದು ಏಳೋದು, ಅಂದೆ, ಅವಳು ಇನ್ನಷ್ಟು ನಕ್ಕಳು, ನಗುವಾಗ ಊದಿಕೊಂಡ ಕಣ್ಣಿನ ಕೆಳಗಿನ ಚೀಲಗಳು ಮೇಲೇರಿ ಕಣ್ಣೇ ಮುಚ್ಚಿಹೋಯಿತು, ಇವಳಿಗೆ ಇನ್ನೂ ಗೊತ್ತಿಲ್ಲ, ಗೊತ್ತಿದ್ದರೆ ಹೀಗೆ ನಗುತ್ತಿರಲಿಲ್ಲ, ಆಸ್ಪತ್ರೆಯವರು ಇನ್ನೂ ಫೋನ್ ಮಾಡಿಲ್ಲ. ಈ ಊಟಕ್ಕೆ ಇವಳು ಎರಡು ತಿಂಗಳ ಹಿಂದೆಯೇ ಜಾಗ ಹಿಡಿದಿಟ್ಟಿದ್ದಳು, ನನ್ನ ಕಿಡ್ನಿ ಇವಳಿಗೆ ಹೊಂದುತ್ತದೆ ಎಂದು ರಕ್ತದ ಪರೀಕ್ಷೆ ಹೇಳಿದ ಸಂಜೆಯೇ, ಆಪರೇಷನ್ ಆದ್ಮೇಲೆ ಜನ್ಮದಲ್ಲಿ ಹಸಿ ಮೀನು ಮುಟ್ಟೋ ಹಾಗಿಲ್ಲವಂತೆ ಅಕ್ಕ, ಬೇರೆಯವರ ಕಿಡ್ನಿ ಹಾಕಿಸಿಕೊಂಡೋರಿಗೆ ಸಣ್ಣ ಹುಳ ಹೊಟ್ಟೆಗೆ ಹೋದ್ರೂ ಕಷ್ಟವಂತೆ, ಅದಕ್ಕೇ ಮುಂಚೆ ಒಂದ್ಸಲ ನೀನೂ ನಾನೂ ಹೋಗಿ ತಿಂದುಬಿಡೋಣ. ಹೂಂ ಅಂದಿದ್ದೆ. ನಾನು ಎಲ್ಲದಕ್ಕೂ ಹೂಂ ಅನ್ನುವವಳು. ಮೊನ್ನೆ ಒಂದಕ್ಕೆ ಮಾತ್ರ ಇಲ್ಲ ಅಂದೆ.

ಆಸ್ಪತ್ರೆಯ ಆ ಕೋಣೆಯಲ್ಲಿ ಕಿಟಕಿಯಿರಲಿಲ್ಲ, ಪ್ಲಾಸ್ಟಿಕ್ ಗಿಡವೊಂದಿತ್ತು, ಎಲೆಗಳ ಮೇಲೆ ಧೂಳು, ಕಿಡ್ನಿ ದಾನ ಮಾಡುವವರ ಜೊತೆ ಮಾತಾಡುವುದೇ ಕೆಲಸವಾಗಿರುವ ಆ ಹೆಂಗಸು ಅಮ್ಮನನ್ನು ಹೊರಗೆ ಕೂರಿಸಿ ಬಾಗಿಲು ಹಾಕಿ ಬಂದಳು, ಅಮ್ಮನಿಗೆ ಅದು ಇಷ್ಟವಾಗಲಿಲ್ಲ, ನನ್ನೆದುರಿಗೆ ಹೇಳೋಕಾಗದ್ದು ಏನಿರುತ್ತೆ ಅವಳಿಗೆ, ಎಂದು ಗೊಣಗಿದ್ದು ಬಾಗಿಲ ಸಂದಿಯಿಂದ ಕೇಳಿಸಿತು, ಹೆಂಗಸು ಕೂತು, ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ನಿಮಗೆ ಏನು ಬೇಕು, ಅಂದಳು. ನಿಮ್ಮ ತಂಗಿಗೆ ಏನು ಬೇಕು ಅಂತ ನನಗೆ ಗೊತ್ತು, ನಿಮ್ಮ ತಾಯಿಯವರಿಗೆ ಏನು ಬೇಕು ಅಂತಲೂ ಗೊತ್ತಾಯ್ತು, ನಿಮಗೆ ಏನು ಬೇಕು ಹೇಳಿ. ಎಂಥ ಪ್ರಶ್ನೆ, ನನ್ನ ಕೆಲಸವೇ ಅದು, ಕನ್ನಡಕದ ಅಂಗಡಿಯ ಒಳಗಿನ ಕತ್ತಲ ಕೋಣೆಯಲ್ಲಿ ಜನರ ಮೂಗಿನ ಮೇಲೆ ದಪ್ಪ ಚೌಕಟ್ಟು ಕೂರಿಸಿ ಒಂದೊಂದೇ ಗಾಜು ಬದಲಿಸುತ್ತ ಇದಾ, ಅದಾ, ಮತ್ತೆ ನೋಡಿ, ಇದಾ, ಅದಾ ಎಂದು ದಿನವಿಡೀ ಕೇಳುವವಳು ನಾನು, ಜನ ಹೆದರುತ್ತಾರೆ, ದೊಡ್ಡ ದೊಡ್ಡ ಮನುಷ್ಯರೆಲ್ಲ ಶಾಲೆಯ ಹುಡುಗರ ಹಾಗೆ ಬೆವರುತ್ತಾರೆ, ಎರಡೂ ಒಂದೇ ಥರ ಕಾಣುತ್ತಲ್ಲಮ್ಮಾ ಎನ್ನುತ್ತಾರೆ, ಇದರಲ್ಲಿ ತಪ್ಪು ಉತ್ತರ ಅಂತ ಇಲ್ಲ ಸಾರ್, ನಿಮ್ಮ ಕಣ್ಣಿಗೆ ಏನು ಕಾಣುತ್ತೋ ಅದನ್ನೇ ಹೇಳಿ, ಅನ್ನುತ್ತೇನೆ ನಾನು, ಆದರೆ ನನ್ನ ಮೂಗಿನ ಮೇಲೆ ಯಾರೂ ಚೌಕಟ್ಟು ಕೂರಿಸಿ ಕೇಳಿರಲಿಲ್ಲ. ಮನೆಯಲ್ಲಿ ಕೇಳುವ ಪದ್ಧತಿಯೇ ಇರಲಿಲ್ಲ, ಕಿಟಕಿ ಪಕ್ಕದ ಹಾಸಿಗೆ ತಂಗಿಗೆ, ನೀನು ದೊಡ್ಡವಳಲ್ವಾ, ಬಿಟ್ಟುಕೊಡು, ಬಸ್ಸಿನಲ್ಲಿ ಸೀಟು ಅವಳಿಗೆ, ದೊಡ್ಡವಳಲ್ವಾ, ನನಗೆ ಹೊಲಿಸಿದ ನೀಲಿ ಅಂಗಿ ಒಂದು ಒಗೆತ ಕಾಣುವ ಮುಂಚೆ ಅವಳಿಗೆ, ಅವಳು ಮೂರು ವರ್ಷ ಚಿಕ್ಕವಳು, ಇವತ್ತಿಗೂ ಮೂರು ವರ್ಷ ಚಿಕ್ಕವಳೇ, ಆ ಮೂರು ವರ್ಷ ಎಷ್ಟು ಸವೆಸಿದರೂ ಸವೆಯಲಿಲ್ಲ. ಡಾಕ್ಟರು ಅವಳ ಎರಡೂ ಕಿಡ್ನಿ ಹೋಗಿವೆ ಎಂದಾಗ ಅಮ್ಮ ಒಂದು ಗಳಿಗೆ ಸೆರಗು ಕಚ್ಚಿಕೊಂಡಿದ್ದಳು, ಆಮೇಲೆ ಸೆರಗು ಬಿಟ್ಟು, ಅದಕ್ಕೇನಂತೆ ಡಾಕ್ಟ್ರೇ, ಇವಳಿಗೆ ಅಕ್ಕ ಇದ್ದಾಳಲ್ಲ, ಅಂದಳು, ಮನೆಯಲ್ಲಿ ಇನ್ನೊಂದು ಕೊಡೆ ಇದೆಯಲ್ಲ ಎನ್ನುವ ಹಾಗೆ, ಎಲ್ಲರೂ ತಿರುಗಿ ನನ್ನನ್ನು ನೋಡಿದರು, ನಾನು ಹೂಂ ಅಂದೆ, ಮನೆಗೆ ಬಂದು ಗಂಡನಿಗೆ ಹೇಳಿದರೆ ನಿನ್ನಿಷ್ಟ ಅಂದರು, ನಿನ್ನಿಷ್ಟ ಎಂದರೆ ನಾಳೆ ಏನಾದರೂ ಹೆಚ್ಚುಕಮ್ಮಿಯಾದರೆ ನನ್ನನ್ನು ಕೇಳಬೇಡ ಎಂದು ಅರ್ಥ, ಇಪ್ಪತ್ತು ವರ್ಷ ಸಂಸಾರ ಮಾಡಿದ ಮೇಲೆ ಅಷ್ಟು ತಿಳಿಯುತ್ತದೆ. ಆ ಹೆಂಗಸು ಮಾತ್ರ ಕಾಯುತ್ತಿದ್ದಳು, ಪ್ಲಾಸ್ಟಿಕ್ ಗಿಡದ ಪಕ್ಕ, ಸುಮ್ಮನೆ, ಅವಸರವೇ ಇಲ್ಲದೆ, ನನ್ನ ಬಾಯಿ ತೆರೆದುಕೊಂಡಿತು, ಇಲ್ಲ, ಅಂದಿತು, ನನಗೆ ಇಷ್ಟ ಇಲ್ಲ, ಅಂದಿತು, ಬೇರೆ ಯಾರೋ ಕೂತು ಮಾತಾಡಿದ ಹಾಗೆ, ಆಕೆ ಗಾಬರಿಯಾಗಲಿಲ್ಲ, ತಲೆಯಾಡಿಸಿ, ಸರಿ, ನಿಮ್ಮ ಮನೆಯವರಿಗೆ ನೀವು ದಾನಿಯಾಗೋಕೆ ಹೊಂದಲಿಲ್ಲ ಅಂತಷ್ಟೇ ಡಾಕ್ಟರ್ ಹೇಳ್ತಾರೆ, ಕಾರಣ ಯಾರೂ ಹೇಳಲ್ಲ, ಇದು ನಿಮ್ಮ ನಮ್ಮ ನಡುವೆ ಇರುತ್ತೆ, ಅಂದಳು. ಹೊರಗೆ ಬಂದರೆ ಅಮ್ಮ, ಏನಂದ್ರು, ಎಲ್ಲಾ ಸರಿ ಇದೆಯಂತಾ, ಎಂದು ನನ್ನ ಬೆನ್ನು ಸವರಿದಳು, ಸರಿಯಾಗಿ ಆ ಜಾಗದಲ್ಲೇ, ಪಕ್ಕೆಲುಬಿನ ಕೆಳಗೆ.

ಬಂಗುಡೆ, ಅನ್ನುತ್ತಾರೆ ಅಡುಗೆಯವರು ತಾವು ಕಲಿತ ಕನ್ನಡದಲ್ಲಿ, ಕೈಯಲ್ಲೇ ತಿನ್ನಿ, ಒಂದೇ ತುತ್ತಿಗೆ, ಬೆಳ್ಳಿ ಬೆನ್ನಿನ ಚೂರು, ಕೆಳಗೆ ಬೆಚ್ಚಗಿನ ಅನ್ನದ ಪುಟ್ಟ ಉಂಡೆ, ಅದನ್ನು ನನ್ನ ಮುಂದೆ ಇಡುವಾಗ ಓರೆಯಾಗಿ, ಎಡಗಡೆಗೆ ತಿರುಗಿಸಿ ಇಟ್ಟರು, ತಂಗಿಗೆ ಬಲಗಡೆಗೆ, ಓ, ನನ್ನದು ಎಡಗೈ ಎಂದು ನೋಡಿಟ್ಟುಕೊಂಡಿದ್ದಾರೆ, ಕೇಳಲಿಲ್ಲ, ಹೇಳಲಿಲ್ಲ, ನೋಡಿದರು ಅಷ್ಟೆ, ಅಮ್ಮ ಈ ಎಡಗೈಗೆ ಎಷ್ಟು ಏಟು ಹಾಕಿದ್ದಳು, ಬಾಯೊಳಗೆ ಮೀನು ಹುಳಿಹುಳಿಯಾಗಿ ಜಾರಿ ಅನ್ನ ಬಿಡಿಬಿಡಿಯಾಗುತ್ತದೆ, ರುಚಿ ಇದೆ, ಇರಬೇಕು, ಎಲ್ಲರೂ ಹೇಳುತ್ತಾರೆ, ನನಗೆ ನಾಲಿಗೆಯ ಮೇಲೆ ತಣ್ಣಗಿನ ಮಾಂಸದ ಒಂದು ತುಂಡು ಮಾತ್ರ ಗೊತ್ತಾಗುತ್ತಿದೆ, ನುಂಗು, ನುಂಗಿದೆ. ತಂಗಿ ಕಣ್ಣು ಮುಚ್ಚಿ ತಿನ್ನುತ್ತಾಳೆ, ಅವಳಿಗೆ ಸೋಯಾ ಸಾಸ್ ಬೇಡ ಎಂದು ಮುಂಚೆಯೇ ಹೇಳಿದ್ದಾಳೆ, ಉಪ್ಪು ತಿಂದರೆ ಬಾಯಾರುತ್ತದೆ, ಬಾಯಾರಿದರೆ ನೀರು ಕುಡಿಯುವಂತಿಲ್ಲ, ಕುಡಿದ ನೀರು ಹೋಗುವ ದಾರಿಯೇ ಇಲ್ಲ, ಕಾಲಿಗೆ ಇಳಿದು ಮುಖಕ್ಕೆ ಏರಿ ಎದೆಗೆ ತುಂಬುತ್ತದೆ, ಈಜು ಕಲಿಸುವವಳು ಇವಳು, ಕೊಳದ ಅಂಚಿನಲ್ಲಿ ಕೊರಳಿಗೆ ಸೀಟಿ ತೂಗುಹಾಕಿಕೊಂಡು ನಿಲ್ಲುತ್ತಾಳೆ, ನನ್ನ ಕೆಲಸ ನೋಡು ಅಕ್ಕ, ಇಡೀ ದಿನ ನೀರಿನ ಪಕ್ಕದಲ್ಲಿ ನಿಂತು ಬಾಯಿ ಒಣಗಿಸಿಕೊಳ್ಳೋದು, ಎಂದು ತಾನೇ ತಮಾಷೆ ಮಾಡುತ್ತಾಳೆ, ಈಗ ಚಹಾದ ಬಟ್ಟಲನ್ನು ತುಟಿಗೆ ತಾಗಿಸಿ, ಒದ್ದೆ ಮಾಡಿಕೊಂಡು, ಹಾಗೇ ಕೆಳಗಿಟ್ಟಳು, ನಾನು ನನ್ನದನ್ನು ಗಟಗಟ ಕುಡಿದುಬಿಟ್ಟೆ, ಕುಡಿದ ಮೇಲೆ ನಾಚಿಕೆಯಾಯಿತು. ಚಿಕ್ಕಂದಿನಲ್ಲಿ ಅವಳ ಪಾಲಿಗೆ ಒಂದೇ ಚಾಕೊಲೇಟ್ ಬಂದರೆ ಹಲ್ಲಿನಿಂದ ಕಚ್ಚಿ ಎರಡು ಮಾಡಿ ಎಂಜಲು ಮೆತ್ತಿದ ದೊಡ್ಡ ಚೂರನ್ನು ನನ್ನ ಬಾಯಿಗೆ ತುರುಕುತ್ತಿದ್ದಳು, ಯಾರೂ ಕೊಡು ಅಂದಿರುತ್ತಿರಲಿಲ್ಲ, ಇದನ್ನು ನೆನೆಯಬಾರದು, ಈಗ ಬೇಡ, ಮುಂದಿನ ತುತ್ತು ಬಂತು, ಬಾಯಿಗಿಟ್ಟರೆ ಅನ್ನಕ್ಕೆ ಸವರಿದ ಹಸಿರು ವಸಾಬಿಯ ಖಾರ ಮೂಗಿನ ಹೊಳ್ಳೆಯಿಂದ ನೆತ್ತಿಗೆ ಏರಿ ಕಣ್ಣಲ್ಲಿ ಇಳಿಯತೊಡಗಿತು, ಒರೆಸಿದಷ್ಟೂ ಇಳಿಯಿತು, ಖಾರ ಇಳಿದ ಮೇಲೂ ನಿಲ್ಲಲಿಲ್ಲ, ಅಡುಗೆಯವರು ಚಾಕು ಕೆಳಗಿಟ್ಟು, ಕ್ಷಮಿಸಿ, ಮುಂದಿನದಕ್ಕೆ ಕಡಿಮೆ ಹಾಕ್ತೀನಿ, ಅಂದರು, ಛೆ ಛೆ, ನಿಮ್ಮ ತಪ್ಪಲ್ಲ, ಅಂದೆ, ತಂಗಿ ನನ್ನ ಮುಖವನ್ನೇ ನೋಡುತ್ತಿದ್ದಳು, ಆಮೇಲೆ ಮರದ ಹಲಗೆಯನ್ನು ನೋಡಿಕೊಂಡು ಮೆಲ್ಲಗೆ, ನಿನ್ನೆ ಡಾಕ್ಟರ್ ಫೋನ್ ಮಾಡಿದ್ರು, ಅಂದಳು.

ನಿನ್ನೆ, ನಿನ್ನೆ ಎಂದರೆ ಇವತ್ತು ಬೆಳಗ್ಗೆ ನನ್ನ ಮನೆಯ ಬಾಗಿಲಿಗೆ ಬಂದು ಬೇಗ ಬಾರೇ ತಡವಾಗುತ್ತೆ ಎಂದು ಕೂಗಿದಾಗಲೇ ಗೊತ್ತಿತ್ತು, ದಾರಿಯುದ್ದಕ್ಕೂ ನನ್ನ ತೋಳು ಹಿಡಿದು ನಡೆದಾಗ, ಮೆನುವಿನ ಮಾತಿಗೆ ಆ ಪಾಟಿ ನಕ್ಕಾಗ, ಏನಂದ್ರು, ಎಂದು ಕೇಳುವುದು ನನ್ನ ಬಾಯಿಯೇ, ಎಂಥ ಬಾಯಿ ಇದು, ಏನಂದ್ರು ಎಂದು ಕೇಳುತ್ತದಲ್ಲ, ನಿಮ್ಮಕ್ಕ ಹೊಂದಲಿಲ್ಲ ಅಂದ್ರು, ಅಷ್ಟೇ ಅಂದ್ರು, ಬೇರೆ ದಾನಿ ಸಿಗೋವರೆಗೂ ಸರತಿಯಲ್ಲಿ ಕಾಯಬೇಕಂತೆ, ವರ್ಷಗಟ್ಟಲೆ ಆಗಬಹುದಂತೆ, ಅಂದಳು. ಈಗ ಅಯ್ಯೋ ಅನ್ನಬೇಕು ನಾನು, ಅದು ಹೇಗೆ, ರಕ್ತ ಹೊಂದಿತ್ತಲ್ಲ ಅನ್ನಬೇಕು, ಎದೆ ಬಡಿದುಕೊಳ್ಳಬೇಕು, ತಂಗಿ ಹೇಳುತ್ತಿದ್ದಾಳೆ, ಡಯಾಲಿಸಿಸ್‌ನಲ್ಲಿ ನನ್ನ ಪಕ್ಕದ ಕುರ್ಚಿಗೆ ಒಬ್ಬರು ಬರ್ತಾರೆ ಅಕ್ಕ, ರಿಟೈರ್ಡ್ ಮೇಷ್ಟ್ರು, ಅವರ ಮಗನೂ ಹೊಂದಿದ್ದ, ಆಮೇಲೆ ಹೊಂದಲಿಲ್ಲ, ಅವರು ನಗ್ತಾ ಹೇಳ್ತಾರೆ, ಎಲ್ಲರ ಮಕ್ಕಳೂ ಕೊನೇ ಗಳಿಗೇಲಿ ಹೊಂದಲ್ಲಮ್ಮ, ಡಾಕ್ಟರು ಒಳ್ಳೆಯವರು, ಮಾನ ಮುಚ್ತಾರೆ ಅಂತ — ತುದಿಯ ಜೋಡಿ ಏನೋ ಹೇಳಿಕೊಂಡು ಕಿಲಕಿಲ ನಕ್ಕಿತು, ಅಡುಗೆಯವರು ಸೀಗಡಿಯ ಸಿಪ್ಪೆ ಬಿಡಿಸುತ್ತ ನಮ್ಮ ಕಡೆ ನೋಡದಿರಲು ಪ್ರಯತ್ನಿಸುತ್ತಿದ್ದರು, ಸುಳ್ಳು ಹೇಳುವುದಕ್ಕೆ ಇದಕ್ಕಿಂತ ಸುಲಭದ ಗಳಿಗೆ ಇನ್ನು ಸಿಗುವುದಿಲ್ಲ, ಆಸ್ಪತ್ರೆಯ ಆ ಹೆಂಗಸು ಸುಳ್ಳನ್ನು ಮಡಚಿ ಇಸ್ತ್ರಿ ಹಾಕಿ ಕೈಗೆ ಕೊಟ್ಟಿದ್ದಾಳೆ, ತೊಟ್ಟುಕೊಂಡರಾಯಿತು, ನಾನೇ ಬೇಡ ಅಂದೆ ಕಣೇ, ಅಂದೆ. ಗೊತ್ತು, ಅಂದಳು. ಅಷ್ಟು ಬೇಗ ಅಂದಳಲ್ಲ, ಗೊತ್ತು ಎಂದು. ಯಾಕೆ ಬಂದೆ ಮತ್ತೆ, ನನ್ನ ಜೊತೆ ಕೂತು ಹೇಗೆ ತಿಂತಿದೀಯ, ಅಂದರೆ, ಜಾಗ ಹಿಡಿದಾಗಿತ್ತಲ್ಲ, ಎಂದು ನಕ್ಕಳು, ಆಮೇಲೆ ನಗು ಆರಿತು, ರಾತ್ರಿ ನಿನ್ನ ಮೇಲೆ ತುಂಬಾ ಸಿಟ್ಟು ಬಂತು ಅಕ್ಕ, ದಿಂಬಿಗೆ ಗುದ್ದಿದೆ, ನೀನು ಸತ್ತೋಗು ಅಂತ ಕೂಡ ಅಂದೆ, ಆಮೇಲೆ ಯೋಚನೆ ಮಾಡಿದೆ, ಇವಳನ್ನ ನಾನು ಕೇಳಿದ್ದು ಯಾವಾಗ ಅಂತ. ನೆನಪೇ ಆಗಲಿಲ್ಲ. ಅಮ್ಮ ಹೇಳಿದ್ಲು, ನೀನು ಹೂಂ ಅಂದೆ, ನಾನು ಊಟಕ್ಕೆ ಜಾಗ ಹಿಡಿದೆ. ನಾನು ಕೇಳ್ಲೇ ಇಲ್ಲ.

ಅವಳು ಅಂಗಿಯ ಉದ್ದನೆಯ ಎಡತೋಳಿನ ಗುಂಡಿ ಬಿಚ್ಚಿದಳು, ಮಡಚಿದಳು, ಒಂದು ಮಡಿಕೆ, ಇನ್ನೊಂದು, ಇಷ್ಟು ತಿಂಗಳಿಂದ ನನಗೆ ತೋರಿಸದೆ ಮುಚ್ಚಿಟ್ಟುಕೊಂಡದ್ದು ಅದು, ನಾನೂ ಕೇಳದೆ ಬಿಟ್ಟದ್ದು, ಮುಂಗೈಯ ಒಳಭಾಗದಲ್ಲಿ ಡಯಾಲಿಸಿಸ್ ಸೂಜಿಗೆಂದು ಎರಡು ರಕ್ತನಾಳ ಸೇರಿಸಿ ಹೊಲಿದ ಜಾಗ, ಚರ್ಮದಡಿಯಲ್ಲಿ ಹಗ್ಗ ಹೊಸೆದಿಟ್ಟ ಹಾಗೆ ಉಬ್ಬಿಕೊಂಡಿದೆ, ಮೇಲೆ ಸೂಜಿ ಚುಚ್ಚಿದ ಕಲೆಗಳು, ಹಳೆಯವು ಕಪ್ಪು, ಹೊಸವು ಕೆಂಪು, ನನ್ನ ಬೆರಳುಗಳನ್ನು ಹಿಡಿದು ಅದರ ಮೇಲೆ ಇಟ್ಟಳು, ಹೆದರಬೇಡ, ನೋಯಲ್ಲ, ಅಂದಳು, ಬೆರಳ ಕೆಳಗೆ ಅದು ಗುಂಯ್‌ಗುಟ್ಟುತ್ತಿತ್ತು, ನಾಡಿಯಂತೆ ಬಡಿಯುವುದಲ್ಲ, ಮುಷ್ಟಿಯಲ್ಲಿ ಹಿಡಿದ ದುಂಬಿಯ ಹಾಗೆ, ಬಿಡುವೇ ಇಲ್ಲದೆ, ಹೀಗೆ ಗುಂಯ್ ಅಂತಾ ಇದ್ರೆ ರಕ್ತ ಸರಿಯಾಗಿ ಹರೀತಿದೆ ಅಂತ ಅರ್ಥ, ಬೆಳಗ್ಗೆ ಎದ್ದ ತಕ್ಷಣ ಮುಟ್ಟಿ ನೋಡ್ಕೊಳ್ತೀನಿ, ಅಂದಳು, ಆಮೇಲೆ ನನ್ನ ಕಣ್ಣನ್ನು ನೇರವಾಗಿ ನೋಡಿ, ಈಗ ಕೇಳ್ತಾ ಇದ್ದೀನಿ ಅಕ್ಕ, ಅಮ್ಮ ಇಲ್ಲ, ಡಾಕ್ಟರ್ ಇಲ್ಲ, ನಾನು ಕೇಳ್ತಾ ಇದ್ದೀನಿ, ನಿನ್ನ ಕಿಡ್ನಿ ನಂಗೆ ಕೊಡ್ತೀಯಾ, ಅಂದಳು. ಸೀಗಡಿ ಬಂದು ಕೂತಿತ್ತು ನಮ್ಮಿಬ್ಬರ ಮುಂದೆ, ಕೆಂಪು ಬಿಳಿ ಪಟ್ಟೆ, ಬಾಲ ಇನ್ನೂ ಇತ್ತು, ಅಡುಗೆಯವರು ತಿನ್ನಿ ಎನ್ನಲಿಲ್ಲ, ಹಿಂದಿನ ಕೋಣೆಗೆ ಹೋದರು, ಒಳಗೆ ನಲ್ಲಿ ತಿರುಗಿಸಿದ ಸದ್ದು, ನೀರು ಬೀಳುವ ಸದ್ದು, ಹೂಂ ಎಂಬುದು ಬರುತ್ತದೆ ಎಂದು ಕಾದೆ, ಬರುವುದು ಅದಕ್ಕೆ ಅಭ್ಯಾಸ, ಕರೆದರೆ ನಾಯಿಯಂತೆ ಓಡಿ ಬರುವಂಥದ್ದು, ಬರಲಿಲ್ಲ, ಇಲ್ಲ, ಅಂದೆ, ಈ ಸಲ ಬಾಯಿಯಲ್ಲ, ನಾನು, ನನ್ನ ಕಿವಿಗೇ ಕೇಳಿಸಿತು, ಅವಳ ಮುಖದಲ್ಲಿ ಏನೋ ಕುಸಿಯಿತು, ಕುಸಿದದ್ದನ್ನು ಅವಳು ಅಲ್ಲೇ ಹಿಡಿದು ನಿಲ್ಲಿಸಿದಳು, ಸರಿ, ಅಂದಳು, ಅಮ್ಮನ ಮಟ್ಟಿಗೆ ನೀನು ಹೊಂದಲಿಲ್ಲ ಅಂತಲೇ ಇರ್ಲಿ, ಅಂದಳು, ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ, ನಾನು ಎತ್ತಬೇಕು ಈಗ, ನನ್ನದೇ ಬೆರಳುಗಳು, ಯಾರೂ ಹಿಡಿದಿಲ್ಲ, ಎತ್ತಿದರೆ ಬರುತ್ತವೆ, ಇಲ್ಲ ಅಂದಾಯಿತಲ್ಲ, ಇನ್ನೇನು, ಎತ್ತು, ಬೆರಳ ಕೆಳಗೆ ಅದು ಗುಂಯ್‌ಗುಡುತ್ತಿದೆ, ಎತ್ತು, ಚರ್ಮ ಬೆಚ್ಚಗಿದೆ, ತೆಳ್ಳಗಿದೆ, ಅದರಡಿಯಲ್ಲಿ ಮುಷ್ಟಿಯೊಳಗಿನ ದುಂಬಿ, ಬಿಡುವಿಲ್ಲದೆ, ಬೆರಳ ಕೆಳಗೆ, ಗುಂಯ್ —