ಹೇಗೂ ಬಿಚ್ಚಿದ ಮೇಲೆ

ಅವನು ನಡೆಯುವಾಗ ತಲೆ ಸದಾ ಎಡಕ್ಕೆ ವಾಲಿರುತ್ತಿತ್ತು. ಕಿವಿಯ ಬಳಿಯಲ್ಲೇ ಯಾವುದೋ ಎಂಜಿನ್ ಓಡುತ್ತಿದೆಯೆಂಬಂತೆ, ಅದರ ಶ್ರುತಿಯಲ್ಲಿ ಒಂದು ಅಪಸ್ವರ ಕೇಳಿದರೂ ನಿಂತುಬಿಡುವವನಂತೆ, ಬೀದಿಯಂಚಿನಲ್ಲಿ ಮೆಲ್ಲನೆ ಬರುತ್ತಿದ್ದ. ಮೈಮೇಲಿನ ಕೋಟಿನ ಮೂಲವರ್ಣ ಯಾವುದೆಂಬುದು ಅವನ ಹೆಂಡತಿಗೂ ಮರೆತುಹೋಗಿತ್ತು. ಅದರ ಜೇಬಿನಲ್ಲಿ ಸದಾ ಒಂದು ಮೋಟು ಪೆನ್ಸಿಲು. ಒಂದೇ ಒಂದು ದೋಷಕ್ಕೆಂದು ಮೋಟಾರ್ ಸೈಕಲನ್ನು ಅವನ ಕೈಗೆ ಕೊಟ್ಟರೆ, ಸೀಲು, ಸ್ಪ್ರಿಂಗುಗಳನ್ನೆಲ್ಲ ಹೊರಗೆಳೆದು, ಇನ್ನೂ ಕೆಡದ ಭಾಗವನ್ನೂ ಬೆಳಕಿಗೆ ಹಿಡಿದು ವಿಚಾರಣೆ ನಡೆಸುತ್ತಿದ್ದ. ಗಿರಾಕಿ ಗೊಣಗಿದರೆ ಒಂದೇ ಉತ್ತರ: "ಹೇಗೂ ಬಿಚ್ಚಿದ್ದೀವಲ್ಲ." ಹೀಗಾಗಿ ಬೀದಿಗೆಲ್ಲ ಅವನು ಹೇಗೂ ಮೇಸ್ತ್ರಿ.

ಆ ಹೆಸರಿಟ್ಟವನು ಎದುರಂಗಡಿಯ ಮೆಕ್ಯಾನಿಕ್. ಇಬ್ಬರೂ ಒಬ್ಬನೇ ಗುರುವಿನ ಕೈಕೆಳಗೆ ಕೆಲಸ ಕಲಿತವರು. ಗುರು ಮಗಳನ್ನು ಕೊಟ್ಟದ್ದು ಎದುರಂಗಡಿಯವನಿಗೆ. ಅಂದಿನಿಂದ ಅವನು ಬೀದಿಗೂ ಅಳಿಯನೇ. ಅಳಿಯನ ಕೈ ಚುರುಕು. ಕೆಟ್ಟದ್ದನ್ನು ಹುಡುಕಿ, ಗಿರಾಕಿ ಕೂತ ಬೆಂಚು ಬಿಸಿಯಾಗುವ ಮೊದಲೇ ಗಾಡಿ ಓಡಿಸಿ ಕಳಿಸುತ್ತಿದ್ದ. ಹೇಗೂ ಮೇಸ್ತ್ರಿಯನ್ನು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವವನೆಂದು ನಗುತ್ತಿದ್ದ.

ಆದರೂ ಅವನನ್ನು ಕಂಡರೆ ಅಳಿಯನಿಗೆ ಹೊಟ್ಟೆಯುರಿ. ಮಾವನ ಹಳೆಯ ಮೋಟಾರ್ ಸೈಕಲಿನ ಎಂಜಿನನ್ನು ಎಂಟು ವರ್ಷದ ಹಿಂದೆ ಬಿಚ್ಚಿ ಜೋಡಿಸಿದ್ದವನು ಅಳಿಯ. ಒಂದು ಮೆಚ್ಚುಮಾತು ಬರಲಿಲ್ಲ. ಈಗ ಕ್ಲಚ್ ಜಾರತೊಡಗಿದಾಗ ಮಾವ ಗಾಡಿಯನ್ನು ತಳ್ಳಿಕೊಂಡು ಬಂದು, ಅಳಿಯನ ಅಂಗಡಿಯ ಮುಂದೆಯೇ ಹಾದು, ರಸ್ತೆ ದಾಟಿಸಿ ಎದುರಿಗೆ ನಿಲ್ಲಿಸಿದರು.

"ನಿಮ್ಮಪ್ಪಂಗೆ ಮಗಳನ್ನ ಕೊಡೋಕೆ ಧೈರ್ಯ ಬಂತು, ಗಾಡಿ ಕೊಡೋಕೆ ಬರ್ಲಿಲ್ವಾ?" ಎಂದು ಊಟಕ್ಕೆ ಕೂತವನು ಹೆಂಡತಿಯನ್ನು ಕೇಳಿದ. ಅಪ್ಪನನ್ನೇ ಕೇಳಿ ಎಂದು ಅವಳು ಬಡಿಸುತ್ತ ಹೋದಳು.

ಮರುದಿನ ಹದಿನಾಲ್ಕರ ಸ್ಪ್ಯಾನರ್ ಬೇಕೆಂಬ ನೆಪದಲ್ಲಿ ಅಳಿಯ ರಸ್ತೆ ದಾಟಿದ. ಅವನಲ್ಲೇ ಅಂಥವು ಮೂರಿದ್ದವು. ಎದುರಿನವನ ಒಂದು ತಪ್ಪು ಸಿಕ್ಕರೆ ಸಾಕಿತ್ತು, ಮಾವನಿಗೆ ತೋರಿಸಲು. ನೆಲದ ಮೇಲೆ ಒಂದು ರಟ್ಟು. ಅದರಲ್ಲಿ ಪೆನ್ಸಿಲಿನಿಂದ ಬರೆದ ಎಂಜಿನ್ನಿನ ಮಗ್ಗುಲಿನ ಚಿತ್ರ. ಉದ್ದದ ಬೋಲ್ಟು ಗಿಡ್ಡದರ ಜಾಗಕ್ಕೆ ಹೋಗದಂತೆ ಪ್ರತಿಯೊಂದನ್ನೂ ಅದರದರ ಸ್ಥಾನದಲ್ಲಿ ಚುಚ್ಚಿ ನಿಲ್ಲಿಸಲಾಗಿತ್ತು. ಗುರು ಕಲಿಸಿದ ಕ್ರಮ ಅದು. ಅಳಿಯ ಕಲಿತ ವರ್ಷವೇ ಬಿಟ್ಟಿದ್ದ. ರಟ್ಟಿನ ಪಕ್ಕದಲ್ಲಿ ಆಯಿಲ್ ಸೋಸುವ ಜಾಲರಿ. ಅದರ ಅರ್ಧಕ್ಕೂ ಹೆಚ್ಚು ಕಣ್ಣುಗಳನ್ನು ಕೆಂಪು ಚೂರುಗಳು ಮುಚ್ಚಿದ್ದವು.

ಆಯಿಲ್ ಸೋರದಿರಲೆಂದು ಕೆಂಪು ಪೇಸ್ಟನ್ನು ಧಾರಾಳವಾಗಿ ಮೆತ್ತುವವನು ಆ ಬೀದಿಯಲ್ಲಿ ಅಳಿಯನೊಬ್ಬನೇ. ಎಂಟು ವರ್ಷದ ಹಿಂದೆ ಅವಸರದಲ್ಲಿ ಮೆತ್ತಿದ್ದು ಒಳಗೆ ಒಸರಿ, ಒಣಗಿ, ಉದುರಿ ಎಂಜಿನ್ನಿನ ಗಂಟಲಲ್ಲಿ ಕೂತಿತ್ತು. ಉಳಿದಷ್ಟೂ ಮುಚ್ಚಿದ್ದರೆ ಆಯಿಲ್ ಮೇಲೇರದೆ, ಓಡುತ್ತಿರುವಾಗಲೇ ಎಂಜಿನ್ ಜಾಮ್ ಆಗಿ, ಎಪ್ಪತ್ತು ದಾಟಿದ ಮಾವ ರಸ್ತೆಗೆ ಬೀಳುತ್ತಿದ್ದರು. ಅಳಿಯ ಇಂಗು ತಿಂದ ಮಂಗನಂತೆ ನಿಂತ. ಹೇಗೂ ಮೇಸ್ತ್ರಿ ಅವನ ಮುಖ ನೋಡಲಿಲ್ಲ. ಸ್ಪ್ಯಾನರನ್ನು ಕೋಟಿಗೆ ಒರೆಸಿ ಕೈಗಿಟ್ಟ.

ಅಷ್ಟರಲ್ಲಿ ಮಾವ ಬಾಗಿಲಿಗೆ ಬಂದು ಏನಾಗಿತ್ತೆಂದು ಕೇಳಿದರು. ಈಗ ಹೇಳಿಬಿಡುತ್ತಾನೆ, ಹೇಳಿ ಗೆದ್ದುಬಿಡುತ್ತಾನೆ ಎಂದು ಅಳಿಯ ಕಾದ. ಹೇಗೂ ಮೇಸ್ತ್ರಿ ಜಾಲರಿಯನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಬ್ರಷ್ಷಿನಿಂದ ಉಜ್ಜುತ್ತ, "ಕ್ಲಚ್ ಪ್ಲೇಟು ಸವೆದಿದ್ವು, ಅಷ್ಟೇ. ಹೇಗೂ ಬಿಚ್ಚಿದ್ದೀವಲ್ಲ, ಇದನ್ನೂ ತೊಳೀತಿದ್ದೀನಿ" ಎಂದ.

ಮಾವ ಅಳಿಯನ ಕಡೆ ತಿರುಗಿದರು. "ಎಂಟು ವರ್ಷ ತಡ್ಕೊಂಡಿದೆ. ನಿನ್ನ ಕೈ ಪರವಾಗಿಲ್ಲ ಕಣಯ್ಯ."

ಎಂಟು ವರ್ಷದಿಂದ ಬಯಸಿದ್ದ ಮಾತು ಬಂದೇ ಬಂತು, ಅದೂ ಎದುರಿನವನ ಮೌನದ ದಯೆಯಿಂದ. ಚಾಡಿ ಹೇಳಿದ್ದರೆ ಅವನನ್ನು ನೆಮ್ಮದಿಯಾಗಿ ದ್ವೇಷಿಸಬಹುದಿತ್ತು. ಇಷ್ಟು ದಿನ ಅಳಿಯನ ಹೊಟ್ಟೆ ಉರಿದದ್ದು ಅವನ ಕೈ ನೋಡಿ. ಈಗ ಅವನ ಬಾಯಿಯನ್ನು ನೋಡಿಯೂ ಉರಿಯಿತು. ಬೇಡದ ಸ್ಪ್ಯಾನರ್ ಹಿಡಿದುಕೊಂಡು, ರಸ್ತೆ ದಾಟಿ ಅಂಗಡಿಗೆ ಮರಳಿದ.

ಕೆಟ್ಟದ್ದನ್ನು ಸರಿಪಡಿಸುವವರ ಹೆಸರು ಊರಿಗೆಲ್ಲ ಗೊತ್ತಿರುತ್ತದೆ. ಕೆಡುವ ಮುನ್ನವೇ ಕೈ ಹಾಕುವವರ ಕುಲ ಬೇರೆ. ನಡೆಯದೆ ಹೋದ ಅನಾಹುತಕ್ಕೆ ಹೊಗಳಿಕೆ ಎಲ್ಲಿಂದ ಬಂದೀತು? ಇನ್ನೊಬ್ಬರ ಮಾನವನ್ನೂ ಅದೇ ಸೀಮೆಎಣ್ಣೆಯಲ್ಲಿ ತೊಳೆದು, ಜಾಗಕ್ಕೆ ಕೂರಿಸಿ, ಕೈ ಒರೆಸಿಕೊಳ್ಳುತ್ತಾರೆ. ಅವರ ಕೆಲಸಕ್ಕೆ ಸಾಕ್ಷಿ ಯಾರಾದರೂ ಇದ್ದರೆ, ದಿನವಿಡೀ ಅವರನ್ನೇ ನೋಡುತ್ತ ಹೊಟ್ಟೆ ಉರಿದುಕೊಳ್ಳುವ ಎದುರಂಗಡಿಯವನೊಬ್ಬನೇ.